ಚಲಪತಿಯ ಮನೆ ಮುಂದಿನ ಮರಳು

ಜನವರಿ ೧೮, ಭಾನುವಾರ

ಇವತ್ತೂ ಮೂರು ಏಟು ಹೊಡೆದರೂ ನನ್ನ ಚೆಂಡು ಗಾಲ್ಫ್ ಮೈದಾನದ ಮರಳುಗುಂಡಿಯಿಂದ, ಆ ಬಂಕರ್‌ನಿಂದ, ಮೇಲೇಳಲಿಲ್ಲ. ಚಲಪತಿ ಒಂದೇ ಏಟಿಗೆ ಎಬ್ಬಿಸಿ ಕುಳಿಯ ಪಕ್ಕದಲ್ಲೇ ಕೂರಿಸಿದ. ಅವನಿಗೆ ಗಾಲ್ಫ್ ಕೋಲು ಹಿಡಿಯಲು ಕಲಿಸಿದವನೇ ನಾನು!

ಒಂದು ತಿಂಗಳು ಯಾರಿಗೂ ಹೇಳದೆ ಕೋರಮಂಡಲ್‌ನ ಸೈನೈಡ್ ದಿಬ್ಬದ ಮೇಲೆ ಅಭ್ಯಾಸ ಮಾಡಿದೆ. ಚಿನ್ನ ತೆಗೆದುಕೊಂಡು ಸುರಿದ ಗಣಿಯ ಆ ಹುಡಿ ಗಟ್ಟಿಯಾಗಿ ಕೂತುಬಿಟ್ಟಿದೆ, ಕೋಲು ಪುಟಿಯುತ್ತದೆ. ಬಂಕರ್‌ನ ಸಡಿಲ ಮರಳಿನಲ್ಲಿ ಅದೇ ಕೋಲು ಹೂತುಹೋಗುತ್ತದೆ. ಚಲಪತಿ ಈ ಏಟು ಕಲಿತದ್ದು ಮನೆ ಕಟ್ಟಲು ತರಿಸಿದ ಮರಳಿನ ರಾಶಿಯಲ್ಲಂತೆ.

"ಬಾರಣ್ಣೋ ನಮ್ಮನೆತಾವ, ಏಳ್ಕೊಡ್ತೀನಿ," ಅಂದ, ಎಲ್ಲರೆದುರಿಗೇ. ಮಂಡಿನೋವು ಎಂದೆ.

ಗಾರೆಯವರು ಬೇಗ ಬಂದು ಆ ರಾಶಿಯನ್ನೆಲ್ಲ ಗೋಡೆಗೆ ಮೆತ್ತಿಬಿಡಲಿ. ಅದಕ್ಕೆ ಮುಂಚೆ, ಅವನಿಲ್ಲದ ಹೊತ್ತು ನೋಡಿ, ಒಂದೇ ಒಂದು ಸಲ...