ಕಣಿವೆ ಸೇತುವೆ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡ. ನನ್ನ ಬೆರಳಿಗೆ ಸದಾ ಅಂಟು ಮೆತ್ತಿರುತ್ತದೆ, ಪೆನ್ನು ಹಿಡಿದರೆ ಅದು ಬಿಡುವುದಿಲ್ಲ.

ಇವರ ರೈಲು ಈಗ ನಡುಮನೆಯನ್ನೆಲ್ಲ ನುಂಗಿದೆ. ದಿಮ್ಮಿ ಉರುಳಿ ಕಾಲು ಹೋದ ಮೇಲೆ ಇವರು ಕಾಡಿನ ಹೆಸರೂ ಎತ್ತಲಾರರು ಅಂದುಕೊಂಡಿದ್ದೆ. ನೋಡಿದರೆ, ತಾವು ಓಡಿಸುತ್ತಿದ್ದ ದಿಮ್ಮಿ ರೈಲು, ಅದರ ಹಳಿ, ಸುತ್ತಲಿನ ಕಾಡು ಎಲ್ಲವನ್ನೂ ಆಟಿಕೆಯ ಅಳತೆಯಲ್ಲಿ ಮನೆಯೊಳಗೆ ತಂದು ಕೂರಿಸಿದ್ದಾರೆ. ಹಲಗೆ ಗೋಡೆಯಿಂದ ಗೋಡೆಗೆ. ಕಿಟಕಿ ತೆರೆಯಲು ನಾನು ಅದರಡಿ ಅಂಬೆಗಾಲಿಡಬೇಕಿತ್ತು. ಗಾಳಿಗೆ ಮರಗಳು ಬೀಳುತ್ತವೆಂದು ಈಗ ತೆರೆಯುವುದನ್ನೇ ಬಿಟ್ಟಿದ್ದೇವೆ.

ಹಳೇ ಪತ್ರಿಕೆಯನ್ನು ಹಿಟ್ಟಿನ ಅಂಟಿನಲ್ಲಿ ನೆನೆಸಿ ಗುಡ್ಡ ಮಾಡಿದೆವು. ಮರದ ಹೊಟ್ಟಿಗೆ ಹಸಿರು ಬಣ್ಣ ಕಲಸಿ ನಾನು ಹುಲ್ಲು ಹಾಸಿದೆ. ಗರಗಸದ ಮಿಲ್ಲು ಇವರದು. ಕೂಲಿಯವರ ಗುಡಿಸಲು, ನೀರಿನ ತೊಟ್ಟಿ ನನ್ನವು. ಚೆನ್ನಾಗಿಯೇ ಇದೆ ಅಕ್ಕ. ನಾನು ನೆಟ್ಟ ಮರವನ್ನು ಕಿತ್ತು, ಕಾಡಿನಲ್ಲಿ ಅದು ಅಷ್ಟು ನೆಟ್ಟಗಿರಲಿಲ್ಲ ಎಂದು ಇವರು ಬಾಗಿಸಿ ನೆಡುವಾಗ ಮುಖದಲ್ಲಿ ಹಳೆಯ ಕಳೆ ಬರುತ್ತದೆ.

ನಿಮ್ಮೂರಿನ ಹೊಲಿಗೆ ಶಾಲೆಯಲ್ಲಿ ನೀನು ನನಗಾಗಿ ಹುಡುಕಿಟ್ಟ ಕೆಲಸದ ವಿಷಯ ಇವರಿಗೆ ಹೇಳಿದೆ. ಬೇಡವೆನ್ನಲಿಲ್ಲ. ಆಸರೆಗೆ ತಮ್ಮ ಚಿಕ್ಕಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದು ತಾವೇ ಹೇಳಿದರು. "ಕಣಿವೆ ಸೇತುವೆ ಒಂದು ಮುಗಿದುಬಿಡ್ಲಿ. ನಿನ್ನ ಕೈ ಇಲ್ದೆ ಆಗಲ್ಲ. ಆಮೇಲೆ ಹೊರಡು," ಅಂದರು. ಪೆಟ್ಟಿಗೆಗೆ ಬಟ್ಟೆ ಜೋಡಿಸಿಟ್ಟು ಸೇತುವೆಗೆ ಕಡ್ಡಿ ಕತ್ತರಿಸಲು ಕೂತೆ. ಸೇತುವೆ ಮುಗಿಯಿತು, ಎಂಜಿನ್ ದಾಟಿತು, ಇಬ್ಬರೂ ಮಕ್ಕಳ ಹಾಗೆ ನಕ್ಕೆವು. ಮರುದಿನ ಬೆಳಿಗ್ಗೆ ಅದು ಕುಸಿದು ಬಿದ್ದಿತ್ತು. ಅಂಟು ಹಿಡಿಯಲಿಲ್ಲವಂತೆ. ಹಾಗಾಗಿ ಬರಲಾಗುವುದಿಲ್ಲ. ಆ ಕೆಲಸ ಬೇರೆಯವರಿಗೆ ಕೊಡಲು ಹೇಳು.

ಭಾವನ ಕೆಮ್ಮು ಹೇಗಿದೆ? ಮಕ್ಕಳಿಗೆ ಈ ಚಿಕ್ಕಮ್ಮನ ಹಾರೈಕೆ. ಚೆನ್ನಾಗಿ ಓದಲಿ, ಅಷ್ಟೇ ಚೆನ್ನಾಗಿ ಜಗಳವೂ ಆಡಲಿ.

ನಿನ್ನ
ಪುಟ್ಟಿ

ತಾ.ಕ.: ಸೇತುವೆ ತಾನಾಗಿ ಬೀಳಲಿಲ್ಲ. ಆ ಬೆಳಿಗ್ಗೆ ನಾನು ಬಾಗಿಲಲ್ಲಿ ನಿಂತಿದ್ದೆ. ಇವರು ಊರುಗೋಲನ್ನು ಗೋಡೆಗೆ ಒರಗಿಸಿ, ಕಡ್ಡಿಗಳು ಮುರಿಯದ ಹಾಗೆ ಒಂದೊಂದೇ ಕಂಬ ಕಳಚುತ್ತಿದ್ದರು. ಅಳುತ್ತಿದ್ದರು. ನಾನು ಸದ್ದು ಮಾಡದೆ ಅಡುಗೆಮನೆಗೆ ಹೋಗಿ ಮತ್ತೆ ಅಂಟು ಕಾಯಿಸಲು ಇಟ್ಟೆ. ಹೋಗಬೇಡ ಎಂದು ಗದರಿದ್ದರೆ ಜಗಳವಾಡಿ ಹೊರಟುಬಿಡುತ್ತಿದ್ದೆ. ನೋಡಲು ಬರುತ್ತೇನೆ ಎಂದು ಬರೆದಿದ್ದೀಯ. ಬರಬೇಡ ಅಕ್ಕ. ನೀನು ಬಂದು ಕೈ ಹಿಡಿದು ಕರೆದರೆ ನಾನು ಬಂದುಬಿಡುತ್ತೇನೆ.