ಮೇಲಿನ ಸ್ವರ ಸವೆದಿದೆ

ಖಾಸಬಾಗ, ಬೆಳಗಾವಿ
ಗುರುವಾರ, ೯ ಆಗಸ್ಟ್ ೨೦೦೧

ಪ್ರೀತಿಯ ತಂಗಿ ಕಾಂತಾಗೆ ಅಕ್ಕ ಪ್ರಮಿಳಾಳ ಆಶೀರ್ವಾದ.

ನೀನು ಪಂಚಮಿಗೆ ಮೊದಲು ಬರೆದ ಪತ್ರಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋಬೇಡ. ಎಸ್‌ಟಿಡಿ ಬೂತಿನ ಜೊತೆ ಒಂದು ಹೊಸ ಕಾರಭಾರ ಹಚ್ಚಿಕೊಂಡಿದ್ದೆ. ಅದಕ್ಕೆ ಬಿದ್ದ ಖರ್ಚು ಮೊದಲು ಹೇಳಿಬಿಡುತ್ತೇನೆ: ಇಂಟರ್ನೆಟ್ಟಿನಿಂದ ಏರಿದ ಫೋನ್ ಬಿಲ್ಲು ಸಾವಿರದ ಇನ್ನೂರು, ರಟ್ಟು, ಟೇಪು, ಅಂಚೆ ಸೇರಿ ಎರಡೂವರೆ ಸಾವಿರ, ಜರ್ಮನಿಯ ಡ್ರಾಫ್ಟು ಮುರಿಸಲು ಬ್ಯಾಂಕಿನವರು ತಿಂದದ್ದು ನಾನೂರು, ಪಾರ್ಸಲ್ಲಿನೊಳಗೆ ಮೆತ್ತಗೆ ಹಾಸಲು ನನ್ನದೊಂದು ಹಳೇ ಇಳಕಲ್ ಸೀರೆ, ಮತ್ತು ನಮ್ಮ ಮನೆಯವರು, ಅದೇ ನಿನ್ನ ಅಮರ ಮಾಮಾನ ಜೊತೆ ಒಂದು ಜಗಳ. ದುಡ್ಡೆಲ್ಲ ವಸೂಲಾಯಿತು. ಸೀರೆ ಹೋದರೆ ಹೋಗಲಿ. ಜಗಳದ ಲೆಕ್ಕ ಮಾತ್ರ ಕೂಡುತ್ತಿಲ್ಲ. ಅದಕ್ಕೇ ಈ ಪತ್ರ.

ಬರುವ ರವಿವಾರ ನಿನ್ನ ಮಾಮಾ ಖಾನಾಪುರಕ್ಕೆ ಬರುತ್ತಾರೆ. ನಿಮ್ಮ ಅಟ್ಟದ ಮೇಲಿರುವ ರೆಕಾರ್ಡು ಕೇಳುತ್ತಾರೆ. ಕೊಡಬೇಡ. ಇಲಿ ಕಡಿಯಿತು ಅನ್ನು, ಮಳೆಗೆ ಸೋರಿ ಹಾಳಾಯಿತು ಅನ್ನು, ನಿನಗೆ ತೋಚಿದ್ದು ಹೇಳು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿಮ್ಮಲ್ಲಿ ಫೋನು ಎತ್ತುವವಳು ನಿನ್ನ ಅತ್ತೆ ಸಾವಂತ್ರವ್ವ; ಸಂಜೆಯೊಳಗೆ ಅದು ಲೋಂಡಾ ತನಕ ಮುಟ್ಟುತ್ತದೆ.

ಮಾಮಾನ ರೆಕಾರ್ಡಿನ ಹುಚ್ಚು ನಿನಗೆ ಗೊತ್ತೇ ಇದೆ. ಮದುವೆಗೆ ಮೊದಲು ಗೋವಾ ಲಾರಿಯಲ್ಲಿ ಕ್ಲೀನರ್ ಆಗಿದ್ದಾಗ, ಊರಿಗೆ ಮರಳಲು ದುಡ್ಡಿಲ್ಲದ ಬಿಳಿಯರು ಸಮುದ್ರದ ದಂಡೆಯಲ್ಲಿ ಹಾಸಿಗೆ, ಗಿಟಾರು ಮಾರುತ್ತ ಕುಳಿತಿರುತ್ತಿದ್ದರಂತೆ. ಬೇರೆ ಕ್ಲೀನರುಗಳು ಗಡಿಯಾರ ಕೊಂಡರು, ಇವರು ರಾಕ್ ಸಂಗೀತದ ರೆಕಾರ್ಡು ಕೊಂಡರು. ಒಂದು ಶಬ್ದದ ಅರ್ಥ ಗೊತ್ತಿಲ್ಲ. ಕೇಳಿದರೆ, "ಅರ್ಥ ಯಾಕ ಬೇಕ? ಆ ತಾಳಾ ಕೇಳು, ಕಂಚಿನ ತಾಟಿನ ಮ್ಯಾಲ ಸಾಸಿವಿ ಉದುರಿಸಿಧಂಗ ಐತಿ" ಅನ್ನುತ್ತಿದ್ದರು. ನಿನ್ನ ಮದುವೆಯ ಅರಿಶಿಣದ ದಿನ ಮಶೀನು ತಂದು ಒಂದು ಹೊಚ್ಚ ಹೊಸ ರೆಕಾರ್ಡು ಹಚ್ಚಿದ್ದು ನೆನಪಿದೆಯಾ? ಸಾವಂತ್ರವ್ವ ಎದೆ ಹಿಡಿದುಕೊಂಡು, "ಆ ಕರೀ ತಾಟಿನೊಳಗ ಯಾರನ್ನೋ ಹೊಡ್ಯಾಕ ಹತ್ಯಾರ, ಯಾರರೆ ಹೋಗಿ ಬಿಡಸ್ರಿ!" ಎಂದಳು. ಚಪ್ಪರದ ತುಂಬ ನಗೆ. ನೀನೊಬ್ಬಳೇ "ಮಾಮಾ, ಇನ್ನೊಮ್ಮೆ ಹಚ್ರಿ" ಅಂದೆ. ಅಷ್ಟಕ್ಕೇ ಅದನ್ನು ನಿನಗೆ ಮದುವೆಯ ಆಯೇರಿ ಅಂತ ಕೊಟ್ಟುಬಿಟ್ಟರು. ಹಚ್ಚಲು ನಿನ್ನ ಹತ್ತಿರ ಮಶೀನಿಲ್ಲ; ಎರಡೇ ಸಲ ತಿರುಗಿ ಅದು ಅಟ್ಟ ಸೇರಿತು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೋ.

ಈಗ ಕಾರಭಾರಕ್ಕೆ ಬರುತ್ತೇನೆ. ಬೂತಿಗೆ ಕಂಪ್ಯೂಟರ್ ಬಂದ ಮೇಲೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದರೊಳಗೆ ತಿರುಗಾಡುತ್ತಿರುತ್ತೇನೆ. ಒಂದು ದಿನ ಹರಾಜಿನ ತಾಣವೊಂದು ಕಂಡಿತು. ಜಗತ್ತಿನ ಹಳೇ ಸಾಮಾನೆಲ್ಲ ಅಲ್ಲಿ ಸಂತೆ ಕೂಡಿದೆ. ನೋಡುತ್ತೇನೆ, ನಮ್ಮ ಟ್ರಂಕಿನಲ್ಲಿರುವ ಅದೇ ಉದ್ದ ಕೂದಲಿನ ಗಂಡಸರ ರೆಕಾರ್ಡು ನಲವತ್ತು ಡಾಲರಿಗೆ ಕೂತಿದೆ! ಹೇಳಿದರೆ ಮಾಮಾ ಮನೆಯನ್ನೇ ತಲೆ ಮೇಲೆ ಎತ್ತುತ್ತಾರೆ ಅಂದುಕೊಂಡೇ ಹೇಳಿದೆ. ರೆಕಾರ್ಡಿಗೆ ಯಾರ ಬೆರಳು ತಾಗಿದರೂ ಊಟ ಬಿಡುತ್ತಿದ್ದ ಮನುಷ್ಯ, "ಮಾರಿಬಿಡೂಣು ಪಮ್ಮಿ. ಎಲ್ಲಾ ಸವದ ಹೋಗಾಕ ಹತ್ಯಾವ. ಪೂರಾ ಸಾಯೂದ್ರಾಗ ನಾಕ ದುಡ್ಡರೆ ಬರ್ಲಿ" ಅಂದರು. ನನಗೆ ಆಗಲೇ ವಿಚಿತ್ರ ಅನಿಸಿತು. ಆದರೆ ಡಾಲರನ್ನು ರೂಪಾಯಿಗೆ ಗುಣಿಸುತ್ತಿದ್ದೆ, ವಿಚಿತ್ರಕ್ಕೆ ಪುರುಸೊತ್ತಿರಲಿಲ್ಲ.

ಆ ಸಂತೆಯಲ್ಲಿ ನನ್ನ ಬಾಯಿ ನಡೆಯುವುದಿಲ್ಲ ಕಾಂತಾ. ಇಲ್ಲಿಯಾದರೆ ಒಡಕು ಕೊಡವನ್ನೂ ಮಾತಿನಲ್ಲೇ ಬೆಸುಗೆ ಹಾಕಿ ಮಾರುತ್ತೇನೆ. ಅಲ್ಲಿ ಮಾರುವವರೇ ತಮ್ಮ ಸಾಮಾನಿನ ಐಬು ಬರೆಯಬೇಕು. ಸುಳ್ಳು ಬರೆದರೆ ಕೊಂಡವನು ನಿನ್ನ ಹೆಸರಿನ ಕೆಳಗೆ ಹತ್ತು ದೇಶಕ್ಕೆ ಕಾಣುವಂತೆ ಬೈದು ಬರೆಯುತ್ತಾನೆ. ಹಾಗಾಗಿ ಮಾಮಾ ಮಚ್ಛೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು, ಒಂದೊಂದನ್ನೇ ಹಚ್ಚಿ, ಸ್ಪೀಕರಿಗೆ ಕಿವಿ ಆನಿಸಿ ಕೇಳಿ ಹೇಳುತ್ತಿದ್ದರು: "ಬರಿ. ಮ್ಯಾಲಿನ ಸ್ವರ ಸವದಾವ. ತಾಳಾ ಕೇಳಸಂಗಿಲ್ಲ." ನಾನು ಟೈಪಿಂಗ್ ಕ್ಲಾಸಿನ ಇಂಗ್ಲಿಷಿನಲ್ಲಿ ಅದನ್ನೇ ಬರೆದು, ಅರ್ಧ ದರ ಹಾಕುತ್ತಿದ್ದೆ.

ಯೂರ್ಗನ್ ಎಂಬ ಜರ್ಮನಿಯ ಮನುಷ್ಯ ಸಾಲಾಗಿ ಕೊಂಡ. ಮೊದಲ ಪಾರ್ಸಲ್ ಒಯ್ದಾಗ ಅಂಚೆಯ ತಮ್ಮಣ್ಣ ಹಿಂದೆ ಮುಂದೆ ತಿರುವಿ ನೋಡಿ, "ಏನ್ರಿ ಬಾಯಾರ, ಜರ್ಮನಿಗೆ ಕಡಕ್ ರೊಟ್ಟಿ ಕಳಸಾಕ ಹತ್ತೀರೇನು?" ಅಂದ. "ಹೌದ್ರಿ, ಮ್ಯಾಲೆ ಶೇಂಗಾ ಚಟ್ನಿ ನೀವ ಕಳಸ್ರಿ" ಅಂದೆ.

ಹೋದ ವಾರ ಯೂರ್ಗನ್‌ನ ಮೇಲ್ ಬಂತು. ಅವನು ಬರೆದದ್ದು ಇಷ್ಟು: "ಮೇಡಂ, ನೀವು ಮೂರನೆಯ ಸಲ ತಪ್ಪು ಬರೆದಿದ್ದೀರಿ. ಮೇಲಿನ ಸ್ವರವೆಲ್ಲ ಹೊಸದರಂತೆ ಇದೆ. ತಾಳ ಚಿಮ್ಮುತ್ತಿದೆ. ನಿಮ್ಮ ಮಶೀನಿನ ಸೂಜಿ ಬದಲಿಸಿ, ದಯವಿಟ್ಟು ಇಷ್ಟು ಅಗ್ಗ ಮಾರಬೇಡಿ." ಮಾಮಾನ ಮೇಲೆ ಎಗರಿದೆ: "ಛಲೋ ಮಾಲು ಅರ್ಧಾ ರೇಟಿಗೆ ಕೊಡಿಸಿದ್ರೆಲ್ರಿ! ಸೂಜಿ ಸವದೈತಂತ!" ಅವರು ತಣ್ಣಗೆ, "ಸೂಜಿ ಹೊಸಾದೈತಿ. ಅಂವಗ ಕಿವಿ ಇಲ್ಲ" ಅಂದರು.

ಬಾಜೂ ಅಂಗಡಿಯ ಟೇಲರ್ ಸಿದರಾಯ ಭಜನೆಯಲ್ಲಿ ತಾಳ ಹಿಡಿಯುವವನು. ಅವನನ್ನು ಬೂತಿಗೆ ಕರೆದು, ಮಶೀನು ತರಿಸಿ, ಒಂದು ರೆಕಾರ್ಡು ಹಚ್ಚಿಸಿದೆ. "ಮಾವಾರ, ತಾಳಾ ಎಷ್ಟ್ ಚಂದ ಬರಾಕ ಹತ್ತೈತಿ, ಯಾರು ಇಲ್ಲಂದವರು?" ಅಂದ ಸಿದರಾಯ. "ಇಲ್ಲೋ ಮಾರಾಯ, ಸವದೈತಿ" ಅಂದರು ಮಾಮಾ. ಅಷ್ಟರಲ್ಲಿ ಗಿರಾಕಿಯೊಬ್ಬನ ಮಾತು ಮುಗಿದು ಬಿಲ್ಲಿನ ಮಶೀನು ಪೀಂ ಪೀಂ ಅಂತ ಕೂಗತೊಡಗಿತು. ಅದು ಮಾಮಾನ ಮೊಣಕೈ ಹತ್ತಿರವೇ ಇದೆ. ಸಿದರಾಯ ತಿರುಗಿದ, ನಾನು ತಿರುಗಿದೆ, ಗಿರಾಕಿ "ಬಿಲ್ ಕೊಡ್ರಿ" ಅಂದ. ಮಾಮಾ ತಿರುಗಲಿಲ್ಲ. ರೆಕಾರ್ಡನ್ನೇ ನೋಡುತ್ತ ಕುಳಿತಿದ್ದರು.

ಸವೆದದ್ದು ಯಾವುದು ಅಂತ ಆಗ ಗೊತ್ತಾಯಿತು. ಕಾರ್ಖಾನೆಯಲ್ಲಿ ಕೆಂಪಗೆ ಕಾದ ಕಬ್ಬಿಣಕ್ಕೆ ಬೀಳುವ ದೊಡ್ಡ ಸುತ್ತಿಗೆಯ ಮಗ್ಗುಲಲ್ಲಿ ಅಷ್ಟು ವರ್ಷ ನಿಂತ ಕಿವಿ ಅವು. ಸಿದರಾಯನಿಗೂ ತಿಳಿಯಿತು; ಹೊಲಿಗೆ ಬಾಕಿ ಇದೆ ಅಂತ ತನ್ನ ಅಂಗಡಿಗೆ ಎದ್ದು ಹೋದ. ಅವರಿಗೆ ಮಾತ್ರ ರೆಕಾರ್ಡೇ ಸವೆಯುತ್ತಿದೆ ಅಂತ ಖರೇ ನಂಬಿಕೆ. ಈಗ ಟ್ರಂಕು ಖಾಲಿಯಾಗಿದೆ. "ಕಾಂತಾನ ಹಂತ್ಯಾಕ ಒಂದೈತಿ. ಅದು ಎರಡ ಸಲಾ ಅಷ್ಟ ತಿರಗೇತಿ, ಸವದಿರೂದಿಲ್ಲ. ಅದನ್ನ ಮಾರೂದಿಲ್ಲ, ಕೇಳ್ತೀನಿ" ಅನ್ನುತ್ತಿದ್ದಾರೆ. ಅದರಲ್ಲೂ ತಾಳ ಕೇಳಿಸದಿದ್ದರೆ ಇನ್ನು ಯಾವುದರ ಮೇಲೆ ತಪ್ಪು ಹಾಕುತ್ತಾರೆ ಹೇಳು? ಅದಕ್ಕೇ ಕೊಡಬೇಡ ಅಂದೆ.

ಮಕ್ಕಳಿಗೆ ನನ್ನ ಮುದ್ದು. ಮಳೆಯಲ್ಲಿ ತೊಯ್ಯಬೇಡ. ನಿನ್ನ ಮನೆ ತುಂಬಿ ತುಳುಕಲಿ, ಸಾವಂತ್ರವ್ವನ ಬಾಯಿಗೂ ಒಂದಿಷ್ಟು ವಿಶ್ರಾಂತಿ ಸಿಗಲಿ.

ನಿನ್ನ ಅಕ್ಕ
ಪ್ರಮಿಳಾ

ತಾ.ಕ.: ಶುಕ್ರವಾರ ಬೆಳಿಗ್ಗೆ. ಲಕೋಟೆ ಅಂಟಿಸಲು ಆಗಲಿಲ್ಲ. ನಿನ್ನೆ ಸಂಜೆ ಅವರಿಗೆ ಬೆನ್ನು ಮಾಡಿ ರೊಟ್ಟಿ ಬೇಯಿಸುತ್ತ, ಎಂದಿನಂತೆ ಬೂತಿನ ಸುದ್ದಿ ಹೇಳುತ್ತಿದ್ದೆ. ಅವರು ಎಂದಿನಂತೆ ನಗುತ್ತಿದ್ದರು. ನಡುವೆ ಅದೇ ಧಾಟಿಯಲ್ಲಿ, "ರೀ, ನನ್ನ ಮಾತು ನಿಮಗ ಕೇಳಸ್ತಾವೇನ್ರಿ?" ಅಂದೆ. ಹೊಟ್ಟೆ ತುಂಬ ನಕ್ಕು, "ಏನ್ ಮಾತಾಡ್ತೀಯೇ ಪಮ್ಮಿ ನೀನು!" ಅಂದರು. ನಾನು ತಿರುಗಿದೆ. ನನ್ನ ಮುಖ ನೋಡಿದ್ದೇ ಅವರ ನಗು ನಿಂತಿತು. ತಪ್ಪು ಜಾಗದಲ್ಲಿ ನಕ್ಕೆನೇನೋ ಎಂಬಂತೆ ನೋಡಿದರು.

ಖಾಸಬಾಗ ಪೂರ್ತಿ ನನ್ನ ಮಾತಿಗೆ ಬೇಸತ್ತರೂ ಒಬ್ಬ ಮನುಷ್ಯ ಕೇಳಿ ನಗುತ್ತಾನೆ ಅಂತ ನನಗೆ ಜಂಬವಿತ್ತು ಕಾಂತಾ. ಎಷ್ಟು ವರ್ಷದಿಂದ ಬರೀ ನನ್ನ ಭುಜ ಕುಣಿಯುವುದನ್ನು ನೋಡಿ ನಗುತ್ತಿದ್ದಾರೋ.

ಮೇಲೆ ಬರೆದದ್ದಕ್ಕೆ ಕಾಟು ಹೊಡೆ. ರೆಕಾರ್ಡು ಕೊಡು. ಮಶೀನು ಹಿಡಿದುಕೊಂಡು ನಾನೂ ಬರುತ್ತೇನೆ. ಅವರು ಕೇಳಲಿ. ಆಮೇಲೆ ಹೇಳುವುದನ್ನು ನಾನೇ ಹೇಳುತ್ತೇನೆ, ಎದುರಿಗೆ ಕೂತು, ನಿಧಾನ.

ಯಾರಿಗೆ ಏನು ಬಂತು ಅಂದರೆ: ಯೂರ್ಗನ್‌ಗೆ ಮೇಲಿನ ಸ್ವರ, ಅರ್ಧ ದರದಲ್ಲಿ. ಮಚ್ಛೆಯ ಸುತ್ತಿಗೆಗೆ ಅವರ ಕಿವಿ, ಪುಕ್ಕಟೆ. ಖರ್ಚು ಕಳೆದು ನಮಗೆ ಹನ್ನೊಂದು ಸಾವಿರ, ಅದು ಕಿವಿಯ ಡಾಕ್ಟರಿಗೆ. ಮಾಮಾಗೆ ಒಂದು ರೆಕಾರ್ಡು. ನನಗೆ, ಇನ್ನು ಮೇಲೆ ರೊಟ್ಟಿ ಬೇಯಿಸುತ್ತ ಮಾತಾಡುವಂತಿಲ್ಲ.