ಓರೆ ಹಿಡಿದ ಫಿಲ್ಮ್

ಅಪ್ಪಾ,

ನೀವಿಲ್ಲ, ಆದರೂ ಇವತ್ತಿನ ವರದಿ ಒಪ್ಪಿಸಬೇಕಾದದ್ದು ನಿಮಗೇ.

ನಮ್ಮ ಅಣ್ವಸ್ತ್ರ ಜಲಾಂತರ್ಗಾಮಿಗೆ ಒಂದು ಕಾಲಕ್ಕೆ ನೀವು ಬೆಸೆಯುತ್ತಿದ್ದ ಕ್ಷಿಪಣಿ ಕೊಳವೆಗಳನ್ನು ಈಗ ಬೇರೆ ದೇಶದವರು ಮಾಡಿ ಕಳಿಸುತ್ತಾರೆ. ಬೆಸುಗೆಯ ಎಕ್ಸ್‌ರೇ ನೋಡುವವಳು ಈಗಲೂ ನಾನೇ. ಬೆಳಿಗ್ಗೆ ಒಂದು ಫಿಲ್ಮಿನಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. "ಬಿರುಕು. ಕಿತ್ತು ಮತ್ತೆ ವೆಲ್ಡ್ ಮಾಡ್ಲಿ" ಎಂದೆ. ಅವರ ಕಡೆಯಿಂದ ಬಂದಿದ್ದ ತಜ್ಞೆಗೆ ನಮ್ಮ ಭಾಷೆ ಬಾರದು. ಆಕೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು. ಗೆರೆ ಫಿಲ್ಮಿನ ಮೇಲೇ ಮಿನುಗಿತು. ಯಾರದೋ ಉಗುರು ತಾಗಿದ ಗೀರು. ಉಕ್ಕಿಗೆ ಏನೂ ಆಗಿರಲಿಲ್ಲ.

ನಾನು ಕೆಲಸಕ್ಕೆ ಸೇರಿದ ವರ್ಷ ನಿಮ್ಮ ಬೆಸುಗೆಯಲ್ಲೂ ಗೆರೆ ಕಂಡಿತ್ತು. "ಒಂದ್ಸಲ ಓರೆ ಹಿಡಿದು ನೋಡಮ್ಮ" ಎಂದಿರಿ. "ಅಪ್ಪ ಅಂತ ಪಾಸ್ ಮಾಡೋಕಾಗಲ್ಲ" ಎಂದೆ, ಎಲ್ಲರೆದುರು. ನೀವು ಅದನ್ನು ಉಜ್ಜಿ ತೆಗೆದು ಮತ್ತೆ ಬೆಸೆದಿರಿ. ಆಮೇಲೆ ಬೆಸುಗೆ ಕೆಲಸವನ್ನೇ ಮುಟ್ಟಲಿಲ್ಲ.

ಮಧ್ಯಾಹ್ನ ದಾಖಲೆ ಕೋಣೆಯಿಂದ ನಿಮ್ಮ ಆ ಬೆಸುಗೆಯ ಹಳೇ ಫಿಲ್ಮ್ ತರಿಸಿ ಕಿಟಕಿಗೆ ಹಿಡಿದೆ. ಆಕೆ ಪಕ್ಕದಲ್ಲಿ ಇಣುಕಿ, ಮಿನುಗುವ ಗೆರೆ ನೋಡಿ ನಕ್ಕಳು. ಆಮೇಲೆ ಫಿಲ್ಮಿನಲ್ಲಿದ್ದ ಬೆಸುಗೆಯನ್ನು ತುಂಬ ಹೊತ್ತು ನೋಡಿ, ಯಾರ ಕೈ ಇದು ಎಂದು ಸನ್ನೆಯಲ್ಲೇ ಕೇಳಿದಳು.

"ನಮ್ಮಪ್ಪಂದು" ಎಂದೆ, ಆಕೆಗೆ ಅರ್ಥವಾಗದ ನಮ್ಮ ಭಾಷೆಯಲ್ಲಿ.